ಕೈಮೂಳೆ ಮುರಿತಕ್ಕೆ ಯಾವ ಕೋಡ್: ಐಸಿಡಿ-10, ಸಿಎಂ, ಐಸಿಡಿ-11 ಮೂರನ್ನೂ ಬಳಸಿ ನೋಡಿದ ಮೇಲೆ

ಮಣಿಕಟ್ಟು, ಅಂಗೈ, ಬೆರಳು. ಈ ಮೂಳೆಗಳ ಮುರಿತಕ್ಕೆ ನಾನು ಮೂರು ಪದ್ಧತಿಯಲ್ಲಿ ಕೋಡ್ ಹಾಕಿ ನೋಡಿದ್ದೇನೆ. ಒಂದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10, ಅಂದರೆ ರೋಗಗಳಿಗೂ ಗಾಯಗಳಿಗೂ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿಯ ಹತ್ತನೇ ಆವೃತ್ತಿ. ಇನ್ನೊಂದು ಅದನ್ನೇ ಹಿಗ್ಗಿಸಿ ಅಮೆರಿಕದವರು ಮಾಡಿಕೊಂಡ ಐಸಿಡಿ-10-ಸಿಎಂ (ಮುಂದೆ ಬರೀ ಸಿಎಂ ಅನ್ನುತ್ತೇನೆ), 2015ರ ಅಕ್ಟೋಬರ್ 1ರಿಂದ ಅಲ್ಲಿ ಬಳಕೆಯಲ್ಲಿದೆ. ಮೂರನೆಯದು 2022ರ ಜನವರಿ 1ರಂದು ಜಾರಿಗೆ ಬಂದ ಐಸಿಡಿ-11. ಯಾವುದು ಒಳ್ಳೇದು ಅಂತ ಕೇಳಿದರೆ ಎಲ್ಲರೂ ಯಾವುದರಲ್ಲಿ ಎಷ್ಟು ಕೋಡ್ ಇದೆ ಅಂತ ಎಣಿಸೋಕೆ ಹೊರಡುತ್ತಾರೆ. ನನಗೆ ಮುಖ್ಯವಾದದ್ದು ಡಾಕ್ಟರ್ ಬರೆದದ್ದಕ್ಕೂ ಕೋಡ್ ಹೇಳೋದಕ್ಕೂ ಎಷ್ಟು ಅಂತರ ಬೀಳುತ್ತೆ ಅನ್ನೋದು.

ಸ್ಕೇಫಾಯಿಡ್‌ನಿಂದಲೇ ಶುರು ಮಾಡೋಣ. ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳಲ್ಲಿ ಜಾಸ್ತಿ ಮುರಿಯೋದು ಇದೇ. ಬಲಗೈ ಸ್ಕೇಫಾಯಿಡ್, ನಡುಭಾಗದಲ್ಲಿ ಮುರಿತ, ತುಂಡು ಜರುಗಿದೆ, ಚರ್ಮ ಹರಿದಿಲ್ಲ, ಚಿಕಿತ್ಸೆ ಈಗ ಶುರು ಅಂತ ರೋಗಿಯ ದಾಖಲೆ, ಅಂದರೆ ಚಾರ್ಟ್‌ನಲ್ಲಿದೆ ಅಂದುಕೊಳ್ಳಿ. ಐಸಿಡಿ-10ರಲ್ಲಿ ಇದು ಎಸ್62.0, ಅಷ್ಟೇ. ಬೇಕಿದ್ದರೆ ಕೊನೆಗೆ ಚರ್ಮ ಹರಿಯದ, ಅಂದರೆ ಮುಚ್ಚಿದ ಮುರಿತಕ್ಕೆ 0, ತೆರೆದದ್ದಕ್ಕೆ 1 ಸೇರಿಸಬಹುದು. ಬಲವೋ ಎಡವೋ ಗೊತ್ತಾಗಲ್ಲ. ಸಿಎಂನಲ್ಲಿ ಅದೇ ಎಸ್62.021ಎ ಆಗುತ್ತೆ: ನಡುಭಾಗ, ಜರುಗಿದೆ, ಬಲಗೈ, ಮುಚ್ಚಿದ ಮುರಿತ, ಚಿಕಿತ್ಸೆ ನಡೆಯುತ್ತಿದೆ, ಎಲ್ಲ ಒಂದೇ ಸಾಲಿನಲ್ಲಿ. ಐಸಿಡಿ-11ರಲ್ಲಿ ಮೂಲ ಕೋಡ್ ಎನ್‌ಸಿ53.0. ಅದಕ್ಕೆ ಬಲಗೈ ಅನ್ನೋಕೆ ಎಕ್ಸ್‌ಕೆ9ಕೆ ಜೋಡಿಸುತ್ತೀರಿ. ಬೇರೆ ವಿವರ ಇದ್ದರೆ ಅದಕ್ಕೂ ಎಕ್ಸ್‌ನಿಂದ ಶುರುವಾಗುವ ಇನ್ನೊಂದು ಕೋಡ್. ರೈಲಿಗೆ ಬೋಗಿ ಸೇರಿಸಿದ ಹಾಗೆ ಸಾಲು ಉದ್ದವಾಗುತ್ತೆ.

ಚಾರ್ಟ್ ಇಷ್ಟು ಪೂರ್ತಿಯಾಗಿದ್ದರೆ ಸಿಎಂಗೆ ಎದುರಿಲ್ಲ. ಸ್ಕೇಫಾಯಿಡ್‌ನಲ್ಲಂತೂ ಮೂಳೆಯ ಯಾವ ಭಾಗ ಮುರಿದಿದೆ ಅನ್ನೋದು ಸಣ್ಣ ವಿಷಯ ಅಲ್ಲ. ಅದಕ್ಕೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಒಳಬರುತ್ತೆ, ಹಾಗಾಗಿ ಮುಂಗೈ ಕಡೆಯ ತುದಿ ಮುರಿದರೆ ಆ ತುಂಡಿಗೆ ರಕ್ತ ಸಿಗದೆ ಮೂಳೆ ಕೂಡದೇ ಇರುವ, ಸತ್ತೇ ಹೋಗುವ ಅಪಾಯ ಜಾಸ್ತಿ. ಎಸ್62.0 ಅಂತ ಬರೆದು ಬಿಟ್ಟರೆ ಇದೆಲ್ಲ ಮಾಯ. ಮುಂದೆ ಮೂಳೆ ಕೂಡಲಿಲ್ಲ ಅಂದಾಗ ಸಿಎಂನಲ್ಲಿ ಅದೇ ಕೋಡ್ ಉಳಿಯುತ್ತೆ, ಬಾಲ ಮಾತ್ರ ಬದಲಾಗುತ್ತೆ: ಎ ಹೋಗಿ ಕೆ ಬರುತ್ತೆ. ಚೆನ್ನಾಗಿ ಕೂಡುತ್ತಿದ್ದರೆ ಡಿ, ನಿಧಾನವಾದರೆ ಜಿ, ಸೊಟ್ಟಗೆ ಕೂಡಿದರೆ ಪಿ. ಒಂದೇ ಮೂಳೆಯ ಕಥೆಯನ್ನು ಮೊದಲಿಂದ ಹಿಂಬಾಲಿಸಬಹುದು. ಐಸಿಡಿ-10ರಲ್ಲಿ ಕೂಡದ ಮೂಳೆ ಎಂ84.1ಗೆ ಹಾರುತ್ತೆ, ಸ್ಕೇಫಾಯಿಡ್ ಅನ್ನೋ ಹೆಸರೇ ಅಲ್ಲಿ ಇಲ್ಲ. (ಎ ಅಂದ್ರೆ ಮೊದಲ ಭೇಟಿ ಅಂತ ತುಂಬಾ ಜನ ತಿಳಿದಿರುತ್ತಾರೆ. ಅಲ್ಲ. ಮುರಿತಕ್ಕೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವವರೆಗೂ ಎ, ಎಷ್ಟನೇ ಭೇಟಿ ಆದರೂ ಸರಿ.)

ಆದರೆ ಚಾರ್ಟ್‌ಗಳು ಹೀಗೆ ಪೂರ್ತಿಯಾಗಿ ಬರೋದು ಅಪರೂಪ ಅಲ್ವಾ. "ಸ್ಕೇಫಾಯಿಡ್ ನಡುಭಾಗದ ಮುರಿತ, ಬಲಗೈ" ಅಂತ ಮಾತ್ರ ಇದ್ದರೆ? ಜರುಗಿದೆಯೋ ಇಲ್ಲವೋ ಬರೆದಿಲ್ಲ ಅಂದರೆ ಜರುಗಿದೆ ಅಂತಲೇ ಹಾಕಬೇಕು, ತೆರೆದದ್ದೋ ಮುಚ್ಚಿದ್ದೋ ಬರೆದಿಲ್ಲ ಅಂದರೆ ಮುಚ್ಚಿದ್ದು ಅಂತ ಹಾಕಬೇಕು. ಇದು ಸಿಎಂನ ಅಧಿಕೃತ ನಿಯಮ. ಅಂದ್ರೆ ಮತ್ತೆ ಅದೇ ಎಸ್62.021ಎ. ವಿವರವಾಗಿ ಬರೆದ ಡಾಕ್ಟರದ್ದೂ ಅವಸರದಲ್ಲಿ ಬರೆದ ಡಾಕ್ಟರದ್ದೂ ಒಂದೇ ಕೋಡ್, ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ಕಾಣಲ್ಲ. ಈ ನಿಯಮ ನನಗೆ ಇವತ್ತಿಗೂ ಒಗ್ಗಿಲ್ಲ. ಏಳು ಅಕ್ಷರದ ಕೋಡ್ ನೋಡಿದ ತಕ್ಷಣ ಎಲ್ಲ ಖಚಿತ ಅಂತ ಅನ್ನಿಸುತ್ತೆ, ಆದರೆ ಅದರಲ್ಲಿ ಎರಡು ವಿಷಯ ಸುಮ್ನೆ ನಿಯಮಕ್ಕೋಸ್ಕರ ತುಂಬಿದ್ದಾಗಿರಬಹುದು. ಐಸಿಡಿ-11ರಲ್ಲಿ ಈ ಗೋಳಿಲ್ಲ. ಗೊತ್ತಿದ್ದಷ್ಟು ಜೋಡಿಸಿ, ಗೊತ್ತಿಲ್ಲದ್ದನ್ನು ಬಿಟ್ಟುಬಿಡಿ.

ಅನುಮಾನದ ಕೇಸ್ ಇನ್ನೂ ಮಜಾ. ಸ್ಕೇಫಾಯಿಡ್ ಮುರಿತ ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಡಾಕ್ಟರ್ "ಮುರಿತ ಇರಬಹುದು" ಅಂತ ಬರೆದು ಪಟ್ಟಿ ಹಾಕಿ ಕಳಿಸುತ್ತಾರೆ. ಸಿಎಂ ಪ್ರಕಾರ ಹೊರರೋಗಿಗೆ "ಇರಬಹುದು" ಅನ್ನೋದನ್ನು ಕೋಡ್ ಮಾಡೋ ಹಾಗಿಲ್ಲ. ಎಂ25.531 ಹಾಕಬೇಕು, ಅಂದರೆ ಬಲ ಮಣಿಕಟ್ಟಿನ ನೋವು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಉಲ್ಟಾ: ಬೇರೆ ಮಾಹಿತಿ ಇಲ್ಲದಿದ್ದರೆ ಅನುಮಾನವನ್ನೇ ಖಚಿತ ಅಂತ ಕೋಡ್ ಮಾಡು ಅನ್ನುತ್ತೆ. ಒಬ್ಬನೇ ರೋಗಿ, ಒಂದು ಕಡೆ ಬರೀ ನೋವು, ಇನ್ನೊಂದು ಕಡೆ ಮುರಿತ. ಐಸಿಡಿ-11ರಲ್ಲಿ ಇದಕ್ಕೂ ಜೋಡಿಸುವ ಕೋಡ್ ಇದೆ, ತಾತ್ಕಾಲಿಕ ರೋಗನಿರ್ಣಯ ಅಂತ ಗುರುತು ಹಾಕಬಹುದು. ಇಲ್ಲಿ ಅದೇ ಗೆದ್ದಿತು ಅಂತ ನನ್ನ ಲೆಕ್ಕ.

ಅಂಗೈ ಮೂಳೆಗಳಿಗೆ ಬಂದರೆ, ಮುಷ್ಟಿಯಿಂದ ಗುದ್ದಿ ಕಿರುಬೆರಳಿನ ಬುಡದ ಮೂಳೆಯ ಕುತ್ತಿಗೆ ಮುರಿದುಕೊಂಡವರಿಗೆ ಐಸಿಡಿ-10ರಲ್ಲಿ ಎಸ್62.3, ಸಿಎಂನಲ್ಲಿ ಬಲಗೈಯಾಗಿ ಜರುಗಿದ್ದರೆ ಎಸ್62.336ಎ. ಎರಡು ಅಂಗೈ ಮೂಳೆ ಮುರಿದಿದ್ದರೆ ಐಸಿಡಿ-10ರಲ್ಲಿ ಎಸ್62.4 ಅಂತ ಒಂದೇ ಕೋಡ್ ಸಾಕು. ಸಿಎಂನಲ್ಲಿ ಆ ಕೋಡೇ ಇಲ್ಲ, ಒಂದೊಂದು ಮೂಳೆಗೂ ಬೇರೆ ಬೇರೆ ಹಾಕಬೇಕು. ಕೆಲಸ ಜಾಸ್ತಿ, ಆದರೆ ಸರಿಯಾದದ್ದೇ.

ಮೂರೂ ಪದ್ಧತಿಯಲ್ಲಿ ಎಡವಿಸುವ ಜಾಗ ಒಂದಿದೆ. ಕೈ ಊರಿ ಬಿದ್ದಾಗ ಮುರಿಯುವ, ಮುಂಗೈ ಮೂಳೆಯಾದ ರೇಡಿಯಸ್‌ನ ಕೆಳತುದಿ. ಎಲ್ಲರೂ ಮಣಿಕಟ್ಟು ಮುರಿದಿದೆ ಅಂತಾರೆ, ಕೋಡ್ ಮಾತ್ರ ಮುಂಗೈ ಗುಂಪಿನಲ್ಲಿ: ಐಸಿಡಿ-10, ಸಿಎಂ ಎರಡರಲ್ಲೂ ಎಸ್52.5, ಐಸಿಡಿ-11ರಲ್ಲಿ ಎನ್‌ಸಿ32.5. ಚಾರ್ಟ್‌ನಲ್ಲಿ ಬರೀ ಮಣಿಕಟ್ಟಿನ ಮುರಿತ ಅಂತಿದ್ದು ನೀವು ಸಿಎಂ ಸೂಚಿಯಲ್ಲಿ ಹಾಗೇ ಹುಡುಕಿದರೆ ಎಸ್62.10ಗೆ ಹೋಗಿ ಬೀಳುತ್ತೀರಿ, ಅದು ಮಣಿಕಟ್ಟಿನ ಸಣ್ಣ ಮೂಳೆಗಳದ್ದು. ಮುರಿಯದ ಮೂಳೆಯನ್ನು ಮುರಿದಿದೆ ಅಂತ ಬರೆದ ಹಾಗಾಯಿತು. ಹೀಗೆ ಬಂದಾಗ ಎಕ್ಸ್‌ರೇ ವರದಿ ತೆರೆಯದೆ, ಡಾಕ್ಟರನ್ನು ಕೇಳದೆ ಕೋಡ್ ಹಾಕಬೇಡಿ. ಮೂಳೆಸವೆತ ಇರುವ ವಯಸ್ಸಾದವರು ಸಣ್ಣದಾಗಿ ಬಿದ್ದು, ಗಟ್ಟಿ ಮೂಳೆ ಮುರಿಯದಂಥ ಪೆಟ್ಟಿಗೆ ಮುರಿದುಕೊಂಡಿದ್ದರೆ ಸಿಎಂನಲ್ಲಿ ಎಸ್ ಗುಂಪೇ ಅಲ್ಲ, ಎಂ80ಕ್ಕೆ ಹೋಗಬೇಕು.

ಅಮೆರಿಕದ ಬಿಲ್‌ಗೆ ಕೋಡ್ ಹಾಕೋರಿಗೆ ಆಯ್ಕೆ ಅಂತ ಇಲ್ಲ, ಸಿಎಂ ಕಲಿಯಲೇಬೇಕು, ಪ್ರತಿ ಅಕ್ಟೋಬರ್ 1ಕ್ಕೆ ಬರುವ ಬದಲಾವಣೆ ಸಮೇತ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ, ಚಾರ್ಟ್‌ಗಳು ಅರ್ಧಂಬರ್ಧ ಬರುವ ಕಡೆ ಐಸಿಡಿ-11 ಹಾಕಿ. ಹಳೆಯ ಐಸಿಡಿ-10ನ್ನು ಒಟ್ಟು ಲೆಕ್ಕ ಕೊಡೋಕೆ ಬಿಟ್ಟರೆ ಕೈಮೂಳೆಗೆ ನಾನಂತೂ ಆರಿಸಲ್ಲ.