ಎರಡನೇ ರೂಟರ್ ತರುವ ಮುಂಚೆ ಕೇಬಲ್‌ನ ಪಿನ್ ಒಮ್ಮೆ ನೋಡಿ

ಮನೆಯೊಳಗೆ ವೈರ್‌ನಲ್ಲಿ ಸ್ಪೀಡ್ ಬರ್ತಿಲ್ಲ ಅಂತ ಎರಡನೇ ರೂಟರ್ ತರೋಕೆ ಹೊರಟಿದ್ದೀರಾ? ಒಂದು ದಿನ ತಡೀರಿ, ಇದನ್ನು ಓದಿ ಆಮೇಲೆ ಹೋಗಿ. ನನಗೆ 2,600 ರೂಪಾಯಿ ಹೋಯ್ತು, ನಾಲ್ಕು ದಿನ ಕೆಲಸ ನಿಂತಿತು, ಮದುವೆ ಮನೆಯವರಿಗೆ ಕೊಟ್ಟ ಮಾತು ತಪ್ಪಿತು.

ನಮ್ಮದು ಬಳ್ಳಾರಿ, ಕೌಲ್ ಬಜಾರ್ ಕಡೆ. ಮನೆಯ ಕೆಳಗೆ ಸಣ್ಣ ಸ್ಟುಡಿಯೋ, ಮೇಲಿನ ಕೋಣೆಯಲ್ಲಿ ಎಡಿಟಿಂಗ್. ನಾನು, ನನ್ನ ತಮ್ಮ ಇಬ್ಬರೂ ಸೇರಿ ಮದುವೆ ವಿಡಿಯೋ ಮಾಡುತ್ತೇವೆ. ಶೂಟಿಂಗ್ ಮುಗಿಸಿ ಬಂದ ಕೂಡಲೇ ಕಾರ್ಡ್‌ಗಳನ್ನು ಕೆಳಗಿನ ಕಂಪ್ಯೂಟರ್‌ಗೆ ಇಳಿಸುತ್ತೇವೆ, ಅಲ್ಲಿಂದ ವೈರ್ ಮೂಲಕ ಮೇಲಿನದಕ್ಕೆ ಕಾಪಿ. ಈ ಬೇಸಿಗೆಯಲ್ಲಿ ಸಿರುಗುಪ್ಪದಲ್ಲಿ ಎರಡು ದಿನದ ಮದುವೆ ಇತ್ತು. ಎರಡು ಕ್ಯಾಮೆರಾ, ಒಂದು ಡ್ರೋನ್, ಎಲ್ಲಾ ಸೇರಿ 240 ಜಿಬಿ. ಕಾಪಿಗೆ ಹಾಕಿದರೆ ಸೆಕೆಂಡಿಗೆ 11 ಎಂಬಿ ದಾಟಲೇ ಇಲ್ಲ. ಆರು ಗಂಟೆ ಬೇಕು. ಮಧ್ಯೆ ಕರೆಂಟ್ ಹೋದರೆ ಅರ್ಧಕ್ಕೆ ನಿಂತದ್ದು ಯಾವುದು, ಪೂರ್ತಿ ಬಂದದ್ದು ಯಾವುದು ಅಂತ ಒಂದೊಂದೇ ಫೈಲ್ ನೋಡಬೇಕು.

ಅಂಗಡಿಗೆ ಹೋಗಿ ಕೇಳಿದೆ. "ನಿಮ್ ರೂಟರ್‌ಗೆ ಲೋಡ್ ಜಾಸ್ತಿ ಆಗೈತೆ ಅಣ್ಣ, ಮ್ಯಾಲಿನ ರೂಮಿಗೆ ಇನ್ನೊಂದು ಹಾಕ್ರಿ, ಡಬಲ್ ಸ್ಪೀಡ್ ಬರ್ತೈತೆ" ಅಂದರು. ಬಾಕ್ಸ್ ಮೇಲೆ ದೊಡ್ಡದಾಗಿ 1200 ಅಂತ ಇತ್ತು. 1200 ಅಂದ್ರೆ ಸ್ಪೀಡ್ ಜಾಸ್ತಿ ತಾನೇ ಅಂತ ತಗೊಂಡು ಬಂದೆ.

ಆ 1200 ವೈಫೈ ಲೆಕ್ಕ. ಎರಡು ಬ್ಯಾಂಡ್‌ಗಳ ಸ್ಪೀಡ್, 300 ಮತ್ತು 867, ಕೂಡಿಸಿ ಹೆಚ್ಚುಕಮ್ಮಿ 1200 ಅಂತ ಬರೀತಾರೆ. ವೈರ್ ಹಾಕುವ ಪೋರ್ಟ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಅದೇ ಬಾಕ್ಸ್‌ನ ಹಿಂಭಾಗದಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ "10/100" ಅಂತ ಇತ್ತು. ಅಂದ್ರೆ ಪ್ರತಿ ಪೋರ್ಟ್‌ಗೂ 100 ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ 100 ಮೆಗಾಬಿಟ್ ಮಿತಿ. ಎಂಟು ಬಿಟ್ ಸೇರಿದರೆ ಒಂದು ಬೈಟ್ ಅಲ್ವಾ, ಹಾಗಾಗಿ 100 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 12.5 ಎಂಬಿ, ಅದರಲ್ಲೂ ಒಂದಿಷ್ಟು ದಾರಿಖರ್ಚಿಗೆ ಹೋಗಿ ಕೈಗೆ ಸಿಗೋದು 11 ಚಿಲ್ಲರೆ. ನನ್ನ ಸ್ಕ್ರೀನ್ ಮೇಲೆ ದಿನಾ ಕಾಣ್ತಿದ್ದ ಅಂಕಿ ಅದೇ. ನಿಮಗೂ ಕಾಪಿ ಮಾಡುವಾಗ 11ರ ಹತ್ತಿರ ಅಂಟಿಕೊಂಡು ನಿಂತರೆ, ದಾರಿಯಲ್ಲಿ ಎಲ್ಲೋ ಒಂದು ಕಡೆ 100ರ ಮಿತಿ ಇದೆ ಅಂತಲೇ ತಿಳಿಯಿರಿ.

ಹೊಸ ರೂಟರ್ ಹಾಕಿದ ಮೇಲೆ ಸ್ಪೀಡ್ ಒಂದು ಚೂರೂ ಏರಲಿಲ್ಲ, ಇದ್ದದ್ದೂ ಕೆಟ್ಟಿತು. ಹಳೆ ರೂಟರ್‌ನಿಂದ ಬಂದ ವೈರನ್ನು ಹೊಸದರ ವ್ಯಾನ್ (ಹೊರಗಿನ ನೆಟ್ ಬರುವ) ಪೋರ್ಟ್‌ಗೆ ಹಾಕಿದ್ದೆ. ಆಗ ಹೊಸ ರೂಟರ್ ಮೇಲಿನ ಕೋಣೆಗೆ ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡಿತು. ಕೆಳಗಿನ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ 192.168.1ರಲ್ಲಿ, ಮೇಲಿನದರದ್ದು 192.168.0ಯಲ್ಲಿ. ಒಂದೇ ಮನೆಯಲ್ಲಿ ನಡುವೆ ಗೋಡೆ ಕಟ್ಟಿದ ಹಾಗೆ. ಕೆಳಗೆ ಕೂತರೆ ಮೇಲಿನ ಶೇರ್ ಫೋಲ್ಡರ್ ಸಿಗಲ್ಲ, ಮೇಲಿನಿಂದ ಪ್ರಿಂಟರ್ ಹುಡುಕಿದರೆ ಕಾಣಲ್ಲ.

ಪರಿಚಯದ ಹುಡುಗನೊಬ್ಬ ಬಂದು ಆ ವೈರನ್ನು ವ್ಯಾನ್‌ನಿಂದ ಕಿತ್ತು ಲ್ಯಾನ್ (ಮನೆಯೊಳಗಿನ ಕಂಪ್ಯೂಟರ್ ಸೇರಿಸುವ) ಪೋರ್ಟ್‌ಗೆ ಹಾಕಿದ. ಫೋಲ್ಡರ್ ಸಿಕ್ಕಿತು, ಅವನೂ ಹೋದ. ರಾತ್ರಿ ಅಮ್ಮ ಕೆಳಗಿನಿಂದ ಕೂಗಿದರು, "ಏನ್ ಮಾಡೀರೋ, ನನ್ ಫೋನು ಸುಮ್ನೆ ಸುತ್ತಾಕತ್ತೈತೆ." ತಮ್ಮನ ಫೋನ್‌ನಲ್ಲಿ ನೆಟ್ ಇದೆ, ಅಮ್ಮನದರಲ್ಲಿ ಇಲ್ಲ. ಬೆಳಿಗ್ಗೆ ಅಮ್ಮನದು ಸರಿ, ನನ್ನದು ಇಲ್ಲ. ಎರಡು ದಿನ ಇದೇ ಪಾಡು. ಕಾರಣ ಏನಂದ್ರೆ, ಎರಡೂ ರೂಟರ್‌ಗಳಲ್ಲಿ ಡಿಎಚ್‌ಸಿಪಿ ಆನ್ ಇತ್ತು. ಮನೆಯ ಫೋನು, ಟಿವಿ, ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಕೆಲಸ ಅದರದ್ದು. ಇಬ್ಬರು ಹಂಚಲು ನಿಂತರೆ ಯಾರ ಕೈಯಿಂದ ಸಿಕ್ಕಿತು ಅನ್ನೋದರ ಮೇಲೆ ನಿಮ್ಮ ನೆಟ್ ಇರುತ್ತೆ, ಹೊಸ ರೂಟರ್ ಕೈಯಿಂದ ವಿಳಾಸ ತಗೊಂಡ ಫೋನಿಗೆ ಹೊರಗೆ ಹೋಗೋಕೆ ದಾರಿಯೇ ಇರಲ್ಲ. ಅಷ್ಟರಲ್ಲಿ ಮದುವೆ ಮನೆಯಿಂದ ಮೂರು ಸಲ ಫೋನ್ ಬಂದಿತ್ತು. ಕೊನೆಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಿಡಿದು ಮೆಟ್ಟಿಲು ಹತ್ತಿ ಇಳಿದು ಕೆಲಸ ಮಾಡಿದೆವು.

ನಿಜವಾದ ಕಾರಣ ಗೊತ್ತಾಗಿದ್ದು ಮೂರನೇ ದಿನ. ಗೋಡೆಯಿಂದ ಬಂದ ಕೇಬಲ್ ಕಿತ್ತು ತುದಿಯ ಪ್ಲಾಸ್ಟಿಕ್ ಪಿನ್ನನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆ. ಎಂಟು ತಂತಿ ಇರಬೇಕಾದ ಕಡೆ ನಾಲ್ಕೇ ಇದ್ದವು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು. ನೀಲಿ ಜೋಡಿ, ಕಂದು ಜೋಡಿ ಎರಡನ್ನೂ ಪಿನ್ನಿನ ಬುಡದಲ್ಲೇ ಕತ್ತರಿಸಿ ಬಿಟ್ಟಿದ್ದರು. ನಾಲ್ಕು ತಂತಿಗೆ 100 ಎಂಬಿಪಿಎಸ್ ಬರುತ್ತೆ, ನೆಟ್ ನಡೆಯುತ್ತೆ, ಯಾರೂ ತಕರಾರು ಮಾಡಲ್ಲ. ಆದರೆ ಗಿಗಾಬಿಟ್, ಅಂದ್ರೆ 1000 ಎಂಬಿಪಿಎಸ್ ಬೇಕಂದ್ರೆ ಎಂಟೂ ತಂತಿ ಬೇಕೇ ಬೇಕು. ಆ ಕೇಬಲ್ ಹಾಗೇ ಇದ್ದಿದ್ದರೆ ನಾನು ಹತ್ತು ಸಾವಿರದ ರೂಟರ್ ತಂದಿದ್ದರೂ 11ರಲ್ಲೇ ನಿಲ್ಲುತ್ತಿತ್ತು. ಇದನ್ನು ಯೋಚಿಸಿದರೆ ಈಗಲೂ ಸಂಕಟ ಆಗುತ್ತೆ.

ದುಡ್ಡು ಕೊಡುವ ಮುಂಚೆ ಇಷ್ಟು ಮಾಡಿ. ವಿಂಡೋಸ್ 11 ಇದ್ದರೆ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಈಥರ್ನೆಟ್ ಒಳಗೆ ಹೋಗಿ ಲಿಂಕ್ ಸ್ಪೀಡ್ ನೋಡಿ. 1000/1000 ಇದ್ದರೆ ಆ ಕಂಪ್ಯೂಟರಿನ ವೈರ್ ಸರಿ ಇದೆ. 100/100 ಇದ್ದರೆ ಕೇಬಲ್, ಕಂಪ್ಯೂಟರಿನ ಪೋರ್ಟ್, ರೂಟರಿನ ಪೋರ್ಟ್, ಈ ಮೂರರಲ್ಲಿ ಒಂದು ಎಳೀತಿದೆ. ಎರಡೂ ಕಂಪ್ಯೂಟರ್‌ಗಳಲ್ಲಿ ನೋಡಬೇಕು, ಒಂದರಲ್ಲಿ ನೋಡಿ ಬಿಡಬೇಡಿ. ನೆಟ್‌ನವರು ಕೊಟ್ಟ ಪೆಟ್ಟಿಗೆ ಬಗ್ಗೆಯೂ ಹುಷಾರು. ಕೆಲವದರಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್ ಇರುತ್ತೆ, ಉಳಿದವು 100. ಪ್ಲಾನ್ ದೊಡ್ಡದು ಮಾಡಿಸಿದರೂ ಮನೆಯೊಳಗಿನ ಕಾಪಿ ಸ್ಪೀಡ್ ಏರಲ್ಲ, ಯಾಕಂದ್ರೆ ಆ ಫೈಲ್ ಇಂಟರ್ನೆಟ್‌ಗೆ ಹೋಗೋದೇ ಇಲ್ಲ.

ನನಗೆ ಬೇಕಾಗಿದ್ದು ಐದು ಪೋರ್ಟಿನ ಗಿಗಾಬಿಟ್ ಸ್ವಿಚ್, ಅಂದ್ರೆ ಹಲವು ವೈರ್‌ಗಳನ್ನು ಒಂದೇ ನೆಟ್‌ವರ್ಕ್‌ಗೆ ಸೇರಿಸುವ ಸಣ್ಣ ಪೆಟ್ಟಿಗೆ, ಅಷ್ಟೇ. 1,150 ರೂಪಾಯಿ. ಅದಕ್ಕೆ ಸೆಟ್ಟಿಂಗ್ ಇಲ್ಲ, ಪಾಸ್‌ವರ್ಡ್ ಇಲ್ಲ. ಬಾಕ್ಸ್ ಮೇಲೆ "10/100/1000" ಇದೆಯಾ ನೋಡಿ, 10/100ದ್ದು ಅಗ್ಗಕ್ಕೆ ಸಿಗುತ್ತೆ ಅಂತ ತಗೋಬೇಡಿ. ಎರಡೂ ಕಂಪ್ಯೂಟರಿನ ವೈರ್ ಸ್ವಿಚ್‌ಗೆ, ಸ್ವಿಚ್‌ನಿಂದ ಒಂದೇ ಒಂದು ವೈರ್ ಹಳೆ ರೂಟರ್‌ಗೆ. ಎರಡು ವೈರ್ ಎಳೆದರೆ ಡಬಲ್ ಆಗಲ್ಲ, ಲೂಪ್ ಆಗಿ, ಅಂದ್ರೆ ಡೇಟಾ ಅಲ್ಲೇ ಸುತ್ತು ಹೊಡೆದು, ಇಡೀ ಮನೆಯ ನೆಟ್ ನಿಂತುಹೋಗುತ್ತೆ.

ಕೇಬಲ್ ವಿಷಯದಲ್ಲೂ ಕೇಳಿ ತಗೊಳ್ಳಿ. ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಮಾರ್ತಾರೆ, ಸಿಸಿಎ ಅಂತ ಹೇಳ್ತಾರೆ. ನಾಲ್ಕು ಸಲ ಬಗ್ಗಿಸಿದರೆ ತಂತಿ ಮುರಿಯುತ್ತೆ. ಪೂರ್ತಿ ತಾಮ್ರದ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ ತಂದೆವು. ನಮ್ಮದು ಹೊರಗೋಡೆ ಮೇಲೆ ಹೋಗಬೇಕಿತ್ತು, ಬಳ್ಳಾರಿ ಬಿಸಿಲು ಗೊತ್ತಲ್ಲ, ಹಾಗಾಗಿ ಪೈಪ್ ಒಳಗೆ ಎಳೆಸಿದೆವು. ಪಿನ್ ಹೊಡೆಯುವಾಗ ನಾನೇ ಪಕ್ಕದಲ್ಲಿ ನಿಂತು ಎಂಟೂ ತಂತಿ ತುದಿವರೆಗೆ ಹೋಗಿದೆಯಾ ನೋಡಿದೆ.

ಅದೇ 240 ಜಿಬಿ ಈಗ ಸುಮಾರು 40 ನಿಮಿಷಕ್ಕೆ ಮುಗಿಯಿತು, ಸೆಕೆಂಡಿಗೆ 110 ಎಂಬಿ ಹತ್ತಿರ. ಸಾವಿರಾರು ಸಣ್ಣ ಫೋಟೋ ಇದ್ದರೆ ಇಷ್ಟು ಬರಲ್ಲ, ಹಾರ್ಡ್ ಡಿಸ್ಕ್ ಹಳೆಯದಾದರೂ ಬರಲ್ಲ.

ಆ ರೂಟರನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ, ಸೀಲ್ ಒಡೆದಿದೆ ಅಂದರು. ಈಗ ಮೇಲಿನ ಕೋಣೆಯಲ್ಲಿ ಬರೀ ವೈಫೈಗೆ ಇಟ್ಟಿದ್ದೇವೆ. ಡಿಎಚ್‌ಸಿಪಿ ಆಫ್ ಮಾಡಿ, ಅದರ ವಿಳಾಸವನ್ನು 192.168.1.2 ಅಂತ ಬದಲಿಸಿ, ವೈರನ್ನು ಲ್ಯಾನ್ ಪೋರ್ಟ್‌ಗೆ ಹಾಕಿದ ಮೇಲೆ ಅಮ್ಮನ ಫೋನ್ ಮತ್ತೆ ಸುತ್ತಿಲ್ಲ.