ಥೀಮ್ ಬದಲಿಸಿದ ಮೇಲೆ ಸೈಡ್‌ಬಾರ್ ಖಾಲಿಯಾಯಿತಾ? ದುಡ್ಡು ಕೊಡುವ ಮುಂಚೆ ಇದನ್ನು ಓದಿ

ನಿಮ್ಮ ಅಂಗಡಿಯ ವೆಬ್‌ಸೈಟ್ ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿದ್ದರೆ ದಯವಿಟ್ಟು ಗಮನಿಸಿ. ಥೀಮ್, ಅಂದರೆ ಸೈಟಿನ ಹೊರರೂಪ, ಬದಲಿಸಿಕೊಟ್ಟವರು "ಸೈಡ್‌ಬಾರ್‌ದಾಗ ಇದ್ದದ್ದೆಲ್ಲಾ ಅಳಿಸಿ ಹೋಗೇತ್ರಿ, ಹೊಸದಾಗಿ ಮಾಡಬೇಕು, ಅದಕ್ಕ ಬ್ಯಾರೆ ರೊಕ್ಕ ಆಗ್ತೈತಿ" ಅಂದರೆ ತಕ್ಷಣ ಒಪ್ಪಬೇಡಿ. ಬ್ಯಾಡಗಿಯಲ್ಲಿ ನಮ್ಮ ಕಾಕಾ ಅವರಿಂದ ಹೀಗೇ ಹೇಳಿ ದುಡ್ಡು ವಸೂಲಿ ಮಾಡಿದ್ದಾರೆ. ಅಸಲಿಗೆ ಅಲ್ಲಿ ಏನೂ ಅಳಿಸಿ ಹೋಗಿರಲಿಲ್ಲ.

ಕಾಕಾ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಸೋಮವಾರ, ಗುರುವಾರ ಟೆಂಡರ್ ಮುಗಿದ ಮೇಲೆ ಡಬ್ಬಿ, ಕಡ್ಡಿ, ಗುಂಟೂರು ತಳಿಯ ಮೆಣಸಿನಕಾಯಿ ಕ್ವಿಂಟಲ್‌ಗೆ ಎಷ್ಟಕ್ಕೆ ಹೋಯಿತು ಅಂತ ಸೈಟಿನಲ್ಲಿ ಹಾಕುತ್ತಾರೆ. ಪುಟದ ಪಕ್ಕದ ಪಟ್ಟಿಯಲ್ಲಿ, ಅಂದರೆ ಸೈಡ್‌ಬಾರ್‌ನಲ್ಲಿ, ರೇಟು, ಅದರ ಕೆಳಗೆ ಫೋನ್ ನಂಬರ್, ವಾಟ್ಸ್‌ಆ್ಯಪ್ ಬಟನ್. ಬಳ್ಳಾರಿ, ರಾಯಚೂರು ಕಡೆಯ ರೈತರು ಲಾರಿಗೆ ಚೀಲ ಹೇರುವ ಮುಂಚೆ ನೋಡುವುದು ಅದನ್ನೇ.

"ನಿಮ್ಮ ಸೈಟ್ ಹಳೇದಾಗೇತ್ರಿ ಯಜಮಾನ್ರ" ಅಂತ ಬಂದವರು ಹುಬ್ಬಳ್ಳಿಯವರು. ಫೆಬ್ರವರಿ, ಆವಕ ಜೋರಾಗಿರುವ ಹೊತ್ತು. ಬ್ಯಾಕಪ್ ತೆಗೆಯಲಿಲ್ಲ, ಲೈವ್ ಪ್ರಿವ್ಯೂ ನೋಡಲಿಲ್ಲ. ನಡೆಯುತ್ತಿರುವ ಸೈಟಿನ ಮೇಲೇ ಹೊಸ ಥೀಮ್ ಆ್ಯಕ್ಟಿವೇಟ್ ಮಾಡಿಬಿಟ್ಟರು. ಬಲಗಡೆ ಪೂರ್ತಿ ಖಾಲಿ. ಮುಖಪುಟದಲ್ಲಿ ರೇಟಿನ ಪಟ್ಟಿ ಇರಬೇಕಾದಲ್ಲಿ ಎರಡು ಚೌಕ ಕಂಸ, ನಡುವೆ ಯಾರಿಗೂ ಅರ್ಥವಾಗದ ಒಂದು ಪದ. ಫೋನ್ ಮಾಡಿ ಕೇಳೋಣ ಅಂದರೆ ನಂಬರೂ ಕಾಣಲ್ಲ. ಅಂಥ ಹೊತ್ತಿನಲ್ಲಿ ಕಾಕಾ ಕೇಳಿದಷ್ಟು ಕೊಟ್ಟರು. ಬೇರೆ ದಾರಿ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ನಾನು ಲಾಗಿನ್ ಆಗಿ ಅಪಿಯರೆನ್ಸ್‌ನೊಳಗಿನ ವಿಜೆಟ್ಸ್ ಪುಟ ತೆರೆದೆ. ಸೈಡ್‌ಬಾರ್‌ನಲ್ಲಿ ಕೂರುವ ಒಂದೊಂದು ತುಂಡೂ ಒಂದು ವಿಜೆಟ್. ಕೆಳಗೆ ಇನ್‌ಆ್ಯಕ್ಟಿವ್ ವಿಜೆಟ್ಸ್ (ಬಳಕೆಯಲ್ಲಿಲ್ಲದವು) ಅಂತ ಒಂದು ಜಾಗ ಇರುತ್ತದೆ. ರೇಟು, ನಂಬರ್, ಬಟನ್, ಎಲ್ಲಾ ಅಲ್ಲೇ ಇದ್ದವು. ಒಂದಕ್ಷರವೂ ಹೋಗಿರಲಿಲ್ಲ. ಹಳೇ ಥೀಮಿನ ಸೈಡ್‌ಬಾರ್‌ಗೆ ಒಂದು ಗುರುತು, ಹೊಸದರದ್ದಕ್ಕೆ ಇನ್ನೊಂದು. ಎರಡೂ ಹೊಂದದಿದ್ದರೆ ವರ್ಡ್‌ಪ್ರೆಸ್ ವಿಜೆಟ್‌ಗಳನ್ನು ಅಲ್ಲಿ ತೆಗೆದಿಡುತ್ತದೆ, ಅಷ್ಟೇ. ಎಳೆದು ಹೊಸ ಸೈಡ್‌ಬಾರ್‌ಗೆ ಬಿಟ್ಟರೆ ಆಯಿತು. ಮೆನು ಕೂಡ ಹಾಗೆಯೇ. ಮೆನು ಎಲ್ಲೂ ಹೋಗಿರಲ್ಲ, ಯಾವ ಜಾಗದಲ್ಲಿ ಕಾಣಬೇಕು ಅಂತ ಮತ್ತೆ ಆರಿಸಬೇಕು.

ನಿಜವಾಗಿ ಕೆಡುವುದು ಬೇರೆ. ಆ ಚೌಕ ಕಂಸದೊಳಗಿನ ಪದ ಒಂದು ಶಾರ್ಟ್‌ಕೋಡ್, ಅಂದರೆ ಆ ಜಾಗದಲ್ಲಿ ಬೇರೆ ವಿಷಯ ತಂದು ತೋರಿಸುವ ಸಂಕೇತ. ಅದರ ಕೋಡ್ ಹಳೇ ಥೀಮಿನ ಫಂಕ್ಷನ್ಸ್ ಫೈಲಿನಲ್ಲಿತ್ತು. ಥೀಮ್ ಬದಲಾದರೆ ಅದು ಕೆಲಸ ಮಾಡಲ್ಲ. ಥೀಮಿನ ರೂಪ ತಿದ್ದುವ ಕಸ್ಟಮೈಸರ್‌ನಲ್ಲಿ ಬರೆದ ಹೆಚ್ಚುವರಿ ಸಿಎಸ್‌ಎಸ್ (ಬಣ್ಣ, ಅಳತೆ ಹೇಳುವ ಕೋಡ್) ಕೂಡ ಆಯಾ ಥೀಮಿಗೇ ಅಂಟಿಕೊಂಡಿರುತ್ತದೆ. ಆದರೂ ಎರಡೂ ಸಿಗುತ್ತವೆ, ಹಳೇ ಥೀಮ್ ಡಿಲೀಟ್ ಮಾಡಿರದಿದ್ದರೆ. "ಹಳೇದು ಸುಮ್ನೆ ಜಾಗ ತಿಂತೈತಿ" ಅಂತ ಅದನ್ನು ತೆಗೆಯಲು ಯಾರಿಗೂ ಬಿಡಬೇಡಿ. ಹೊಸದರಲ್ಲಿ ಎಲ್ಲಾ ಸರಿಯಾಗುವ ತನಕ ಇರಲಿ.

ವಿಜೆಟ್ಸ್ ಪುಟವೇ ಕಾಣದಿದ್ದರೂ ಗಾಬರಿ ಬೇಡ. 2022ರ ಜನವರಿಯಲ್ಲಿ ಬಂದ ವರ್ಡ್‌ಪ್ರೆಸ್ 5.9 ಆವೃತ್ತಿಯಿಂದ ಬ್ಲಾಕ್ ಥೀಮ್‌ಗಳಿವೆ. ಅವುಗಳಲ್ಲಿ ವಿಜೆಟ್ಸ್ ಬದಲು ಸೈಟ್ ಎಡಿಟರ್ ಇರುತ್ತದೆ. ಹಳೇ ಥೀಮ್ ಮತ್ತೆ ಆನ್ ಮಾಡಿದರೆ ಸಾಮಾನ್ಯವಾಗಿ ವಿಜೆಟ್‌ಗಳು ತಮ್ಮ ಜಾಗಕ್ಕೆ ಬರುತ್ತವೆ. ಆಗ ಎಲ್ಲವನ್ನೂ ಕಾಪಿ ಮಾಡಿಟ್ಟುಕೊಳ್ಳಿ.

ಸೈಡ್‌ಬಾರ್ ಇದೆ, ಆದರೆ ಪುಟದ ಕೆಳಗೆ ಜಾರಿದೆ ಅನ್ನುವವರೂ ಇದ್ದೀರಿ. ಮೊಬೈಲ್‌ನಲ್ಲಿ ಅದು ಸಹಜ. ಕಂಪ್ಯೂಟರ್‌ನಲ್ಲೂ ಹಾಗೇ ಆದರೆ ಎಲ್ಲೋ ಪುಟದ ಭಾಗಗಳನ್ನು ಕಟ್ಟುವ ಒಂದು ಡಿವ್ ಟ್ಯಾಗ್ ಸರಿಯಾಗಿ ಮುಚ್ಚಿರಲ್ಲ, ಇಲ್ಲವೇ ಅಗಲದ ಚಿತ್ರವೋ ಟೇಬಲ್ಲೋ ಅದನ್ನು ಕೆಳಗೆ ತಳ್ಳಿರುತ್ತದೆ. ವಿಜೆಟ್‌ಗಳನ್ನು ಒಂದೊಂದಾಗಿ ಇನ್‌ಆ್ಯಕ್ಟಿವ್‌ಗೆ ಸರಿಸಿ ನೋಡಿ. ತಪ್ಪು ವಿಜೆಟ್‌ನಲ್ಲೇ ಇದ್ದರೆ ಯಾವುದು ಅಂತ ಗೊತ್ತಾಗುತ್ತದೆ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಪುಟದ ತಳಭಾಗ, ಅಂದರೆ ಫೂಟರ್, ನೋಡಿದಾಗ. ದುಡ್ಡು ಕೊಟ್ಟು ಕೊಳ್ಳಬೇಕಾದ ಥೀಮಿನ ಕದ್ದ ಪ್ರತಿ ಹಾಕಿದ್ದರು. ಅದರೊಳಗೆ ಬೆಟ್ಟಿಂಗ್ ಸೈಟುಗಳ ಲಿಂಕ್ ಕಣ್ಣಿಗೆ ಕಾಣದ ಹಾಗೆ ಸೇರಿಸಿತ್ತು. ರೈತರು ನಂಬಿ ಬರುವ ಸೈಟಿನಲ್ಲಿ ಇಂಥದ್ದಾ? ಥೀಮ್ ಎಲ್ಲಿಂದ ತಂದಿರಿ ಅಂತ ಬಿಲ್ ಸಮೇತ ಕೇಳಿ. ಉಚಿತದ್ದೇ ಸಾಕು ಅಂದರೆ ವರ್ಡ್‌ಪ್ರೆಸ್‌ನ ಸ್ವಂತ ಥೀಮ್ ಸಂಗ್ರಹದಿಂದಲೇ ಹಾಕಿಸಿ. ಕೆಲಸ ಮುಗಿದ ದಿನವೇ ಅವರ ಅಡ್ಮಿನ್ ಖಾತೆ ತೆಗೆದು ಪಾಸ್‌ವರ್ಡ್ ಬದಲಿಸಿ.

ಹಾವೇರಿ, ರಾಣೆಬೆನ್ನೂರು, ಗದಗ ಕಡೆ ಯಾರಿಗಾದರೂ ಇದೇ ತರಹ ಆಗಿದ್ದರೆ ದುಡ್ಡು ಕೊಡುವ ಮುಂಚೆ ತಿಳಿಸಿ. ಆ ಇನ್‌ಆ್ಯಕ್ಟಿವ್ ಜಾಗವನ್ನು ಜೊತೆಗೆ ಕೂತು ನೋಡೋಣ.