ದುರ್ಗಿಗುಡಿಯಲ್ಲಿ ಮುದ್ರಿಸಿದ ಅರ್ಲ್‌ಗಳ ವಂಶವೃಕ್ಷ

ಗೋಡೆಗೆ ನೇತುಹಾಕುವ ದೊಡ್ಡ ನಕ್ಷೆ, ವಂಶವೃಕ್ಷಗಳನ್ನು ಶಿವಮೊಗ್ಗದಲ್ಲಿ ಚೊಕ್ಕವಾಗಿ ಮುದ್ರಿಸಿಕೊಡುವವರು ಯಾರು ಎಂದು ಕೇಳುವ ಅಧ್ಯಾಪಕರಿಗೆ, ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ ಮೊದಲ ಮಹಡಿಯಲ್ಲಿರುವ ಪುಟ್ಟ ಅಂಗಡಿಯನ್ನು ನಾನು ಧೈರ್ಯವಾಗಿ ತೋರಿಸುತ್ತೇನೆ. ತೀರ್ಥಹಳ್ಳಿ ಕಡೆಯ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಾನು ಅಲ್ಲಿ ಮಾಡಿಸಿದ್ದು ಇಂಗ್ಲೆಂಡಿನ ಪೆಂಬ್ರೋಕ್ ಅರ್ಲ್‌ಗಳ ವಂಶವೃಕ್ಷ. ಅರ್ಲ್ ಎಂದರೆ ಅಲ್ಲಿನ ದೊಡ್ಡ ಸರದಾರರ ಬಿರುದು. ವಂಶವೃಕ್ಷ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ.

ಈ ಮನೆತನವನ್ನು ಗೋಡೆಯ ಮೇಲೆ ಹರಡಿಯೇ ನೋಡಬೇಕು. ವಿಲಿಯಂ ಮಾರ್ಷಲ್ ಆಸ್ತಿಯಿಲ್ಲದ ಕಿರಿಯ ಮಗ. ಕುದುರೆ ಕಾಳಗದ ಪಂದ್ಯಗಳಲ್ಲಿ ಗೆದ್ದು ಹೆಸರು ಮಾಡಿದವನು. 1189ರಲ್ಲಿ ಇಸಾಬೆಲ್ ದ ಕ್ಲೇರ್‌ಳ ಕೈಹಿಡಿದ. ಪೆಂಬ್ರೋಕ್ ಮತ್ತು ಐರ್ಲೆಂಡಿನ ಲೆನ್‌ಸ್ಟರ್‌ನ ಹಕ್ಕು ಅವಳಿಂದ ಬಂದವು. 1216ರಲ್ಲಿ ಒಂಬತ್ತು ವರ್ಷದ ಮೂರನೆಯ ಹೆನ್ರಿ ಪಟ್ಟಕ್ಕೆ ಬಂದಾಗ ರಾಜ್ಯ ನೋಡಿಕೊಂಡವನು ಈ ಮುದುಕನೇ. ಮರುವರ್ಷ ಲಿಂಕನ್ ಕಾಳಗವನ್ನೂ ಮುಂದೆ ನಿಂತು ಗೆದ್ದ. 1219ರಲ್ಲಿ ಸತ್ತಾಗ ಐದು ಗಂಡುಮಕ್ಕಳು, ಐದು ಹೆಣ್ಣುಮಕ್ಕಳು. ಗಂಡುಮಕ್ಕಳು ಒಬ್ಬರ ಹಿಂದೆ ಒಬ್ಬರು ವಾರಸುದಾರರಾದರು, ಯಾರಿಗೂ ಹಕ್ಕುಳ್ಳ ಸಂತಾನ ಉಳಿಯಲಿಲ್ಲ. ಕೊನೆಯ ಇಬ್ಬರು, ವಾಲ್ಟರ್ ಮತ್ತು ಆನ್ಸೆಲ್ಮ್, 1245ರಲ್ಲಿ ತಿಂಗಳೊಳಗೆ ತೀರಿಕೊಂಡರು. ಗಂಡುಮಗನಿದ್ದರೆ ಹಿರಿಯನಿಗೇ ಎಲ್ಲ, ಹೆಣ್ಣುಮಕ್ಕಳೇ ಉಳಿದರೆ ಸಮಪಾಲು ಎಂಬುದು ಅಲ್ಲಿನ ಕಾನೂನು. ಹಾಗಾಗಿ ಆಸ್ತಿ ಐವರು ಹೆಣ್ಣುಮಕ್ಕಳಿಗೆ ಐದು ಹಿಸ್ಸೆಯಾಯಿತು: ಲೆನ್‌ಸ್ಟರ್‌ನಲ್ಲಿ ಮಾಡ್‌ಳ ಪಾಲಿಗೆ ಕಾರ್ಲೋ, ತಾಯಿಯ ಹೆಸರನ್ನೇ ಹೊತ್ತ ಇಸಾಬೆಲ್‌ಳ ಪಾಲಿಗೆ ಕಿಲ್ಕೆನಿ, ಸಿಬಿಲ್‌ಳ ಪಾಲಿಗೆ ಕಿಲ್ಡೇರ್, ಜೋನ್‌ಳ ಪಾಲಿಗೆ ವೆಕ್ಸ್‌ಫರ್ಡ್, ಈವಾಳ ಪಾಲಿಗೆ ಡುನಮೇಸ್. ಅಡಿಕೆ ತೋಟದ ಪಾಲುಪಟ್ಟಿ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಹಿಸ್ಸೆ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿಯೇ. ವಿನ್ಯಾಸ ಮಾಡುವ ಹುಡುಗಿ ನನ್ನ ಕರಡನ್ನು ಪೂರ್ತಿ ಓದಿದಳು. "ಮೇಡಂ, ಗಂಡುಮಕ್ಕಳ ಐದು ಗೆರೆಯೂ ಇಲ್ಲಿಗೇ ನಿಲ್ಲುತ್ತವಲ್ಲ, ಈ ಜಾಗ ಹೆಣ್ಣುಮಕ್ಕಳಿಗೆ ಕೊಡಲೇ?" ಎಂದು ಕೇಳಿದಳು. ಗಂಡುಮಕ್ಕಳನ್ನು ಎಡಗಡೆಯ ಒಂದೇ ಕಂಬಸಾಲಿಗೆ ಸೇರಿಸಿ, ಉಳಿದ ಅಗಲವನ್ನೆಲ್ಲ ಹೆಣ್ಣುಮಕ್ಕಳಿಗೆ ಬಿಟ್ಟಳು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು, ಅಂದರೆ ಐದನೆಯ ಒಂದು ಪಾಲು ಮತ್ತೆ ಏಳು ಹೋಳು. ಆ ಏಳು ಚೌಕಗಳನ್ನು ಅಕ್ಷರ ಕುಗ್ಗಿಸದೆ ಎರಡು ಸಾಲಿನಲ್ಲಿ ಕೂರಿಸಿದ ಬಗೆ ಚೆನ್ನಾಗಿದೆ. ಮಾಡ್ ಮತ್ತು ಇಸಾಬೆಲ್ ಎರಡೆರಡು ಸಲ ಮದುವೆಯಾದವರು. ಎರಡನೆಯ ಮದುವೆಗೆ ಚುಕ್ಕಿಗೆರೆ ಹಾಕಿದ್ದಾಳೆ. ತರಗತಿಯ ಕೊನೆಯ ಬೆಂಚಿನಿಂದಲೂ ಓದಬಹುದು.

ಮುದ್ರಣ ಬಟ್ಟೆಯ ಮೇಲಿದೆ, ಮೇಲೂ ಕೆಳಗೂ ಮರದ ಪಟ್ಟಿ. ಫ್ಲೆಕ್ಸ್ ಟ್ಯೂಬ್‌ಲೈಟಿನ ಬೆಳಕಿಗೆ ಹೊಳೆದು ಕಣ್ಣು ಕುಕ್ಕುತ್ತದೆ. ಕಾಗದಕ್ಕೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬಟ್ಟೆ ಇಡೀ ಆಷಾಢ ತಡೆದುಕೊಂಡಿದೆ, ಬಣ್ಣ ಕದಡಿಲ್ಲ. ವಿನ್ಯಾಸವೂ ಸೇರಿ 2,400 ರೂಪಾಯಿ. ಹಣ ಸ್ವಲ್ಪ ಹೆಚ್ಚಾಯಿತೆಂದು ಸಹೋದ್ಯೋಗಿಗಳು ಹೇಳಿದರು, ನಾನು ಒಪ್ಪುವುದಿಲ್ಲ.

ಕೊರತೆಗಳೂ ಇವೆ. ಮೊದಲ ಕರಡಚ್ಚಿನಲ್ಲಿ ಅರ್ಕಾವತ್ತುಗಳೆಲ್ಲ ಮಾಯವಾಗಿದ್ದವು. ಮಾರ್ಷಲ್, ನಾರ್ಫೋಕ್, ಕಾರ್ಲೋ ಎಂದು ಅರ್ಕಾವತ್ತೇ ತುಂಬಿರುವ ವಂಶಕ್ಕೆ ಇದು ಸಣ್ಣ ತೊಂದರೆಯಲ್ಲ. ಅಂದೇ ತಿದ್ದಿಕೊಟ್ಟರು, ಆದರೂ ಕರಡಚ್ಚನ್ನು ನೀವೇ ಕುಳಿತು ಓದಬೇಕು. ಇನ್ನೊಂದು, ಸುರುಳಿ ಸುತ್ತಿ ಬರೀ ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಟ್ಟಿದ್ದು. ಸುರಿಯುವ ಮಳೆಯಲ್ಲಿ ತೀರ್ಥಹಳ್ಳಿ ಬಸ್ ಹತ್ತಬೇಕಾದವರಿಗೆ ಪ್ಲಾಸ್ಟಿಕ್ ಕೊಳವೆಯನ್ನು ಅವರೇ ಕೊಡಬೇಕಿತ್ತು. ನಾನು ಎದುರಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಕೊಂಡು ಸುತ್ತಿದೆ.

ಎರಡನೆಯದಕ್ಕೂ ಅಲ್ಲಿಯೇ ಮುಂಗಡ ಕೊಟ್ಟಿದ್ದೇನೆ. ಮಗಳು ಇಸಾಬೆಲ್‌ಳ ಕವಲಾದ ಗ್ಲಾಸ್ಟರ್ ಅರ್ಲ್‌ಗಳದ್ದು ಅದು. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ನಡೆದ ಕಾಳಗದಲ್ಲಿ ಗಿಲ್ಬರ್ಟ್ ದ ಕ್ಲೇರ್ ಮಕ್ಕಳಿಲ್ಲದೆ ಮಡಿದ, ಆಸ್ತಿ ಮೂವರು ಸಹೋದರಿಯರಿಗೆ ಹೋಯಿತು. ಅವರಲ್ಲಿ ಕಿರಿಯಳಾದ ಎಲಿಜಬೆತ್‌ಳ ದತ್ತಿಯಿಂದಲೇ ಕೇಂಬ್ರಿಜ್‌ನ ಕ್ಲೇರ್ ಕಾಲೇಜು ನಿಂತಿದೆ. ಅರ್ಕಾವತ್ತು ಮತ್ತೆ ಮಾಯವಾಗದಿರಲಿ ಎಂದು ಈ ಸಲ ಪಠ್ಯವನ್ನು ಯೂನಿಕೋಡ್‌ನಲ್ಲಿಯೇ ಕೊಟ್ಟಿದ್ದೇನೆ, ಕೊಳವೆಯನ್ನು ರಸೀದಿಯಲ್ಲಿ ಬರೆಸಿಕೊಂಡಿದ್ದೇನೆ. ಭಾನುವಾರ ಅಂಗಡಿ ತೆರೆಯುವುದಿಲ್ಲ.